ಏಳನೆಯ ತರಗತಿಯ ರೇಷ್ಮೆಯ ಪಾಠವೂ ನಮ್ಮ ಅಹಿಂಸೆಯೂ

ಪ್ರಾಥಮಿಕ ಶಿಕ್ಷಣದ ಕೊನೆಯ ವರ್ಷಕ್ಕೆ ನಮ್ಮ ನಾಡಿನಲ್ಲಿ ಒಂದು ಕಾಲದಲ್ಲಿ ವಿಶೇಷ ಗೌರವವಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಊರಿನಲ್ಲಿ ಓದಿದವನೆನಿಸಿಕೊಳ್ಳುತ್ತಿದ್ದನು. ಆ ಒಂದು ಪ್ರಮಾಣಪತ್ರದ ಬಲದಿಂದಲೇ ಶಿಕ್ಷಕರಾಗಿ ಬಾಳಿದವರು ಅನೇಕರು. ಇಂದು ಏಳನೆಯ ತರಗತಿಯು ಪ್ರೌಢಶಾಲೆಗೆ ಏರುವ ಒಂದು ಮೆಟ್ಟಿಲು ಮಾತ್ರವಾಗಿದೆ. ಅದು ಬಂದುದೂ ಹೋದುದೂ ಮನೆಯವರ ಗಮನಕ್ಕೆ ಬಾರದಂತಾಗಿದೆ.

ಆದರೆ ವಯಸ್ಸಿನ ಧರ್ಮ ಬದಲಾಗಿಲ್ಲ. ಹನ್ನೆರಡು ಹದಿಮೂರು ವರ್ಷದ ಮಗು ಅದುವರೆಗೆ ಹಿರಿಯರು ಹೇಳಿದ್ದನ್ನು ನಂಬಿಕೊಂಡು ಬಂದಿರುತ್ತದೆ. ಆ ವರ್ಷದಲ್ಲಿ ಹೇಳಿದ ಮಾತನ್ನೂ ಕಂಡ ನಡೆಯನ್ನೂ ಎದುರುಬದುರಾಗಿ ಇಟ್ಟು ನೋಡಲು ತೊಡಗುತ್ತದೆ. ಆದ್ದರಿಂದ ಈ ವರ್ಷ ಶಾಲೆಯಲ್ಲಿ ಮಕ್ಕಳು ಏನನ್ನು ಕಲಿಯುತ್ತಾರೆಂಬುದು ಅಧ್ಯಾಪಕರಿಗೆ ಮಾತ್ರ ಬಿಟ್ಟ ವಿಷಯವಲ್ಲ. ಶ್ರಾವಕ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಅದನ್ನು ವಿಚಾರಿಸಬೇಕಾಗಿದೆ. ಇಡೀ ಪಠ್ಯಕ್ರಮವನ್ನು ಪರಾಮರ್ಶಿಸುವುದು ಈ ಲೇಖನದ ವ್ಯಾಪ್ತಿಗೆ ಮೀರಿದ್ದು. ಒಂದೇ ಒಂದು ಪಾಠವನ್ನು ಎತ್ತಿಕೊಂಡು, ಅದು ಹೇಳಿದ್ದೇನು, ಹೇಳದೆ ಬಿಟ್ಟದ್ದೇನು, ಆ ಬಿಟ್ಟ ಸ್ಥಳದಲ್ಲಿ ನಮ್ಮ ಪಾಲಿನ ಹೊಣೆ ಯಾವುದು ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿಯ ಉದ್ದೇಶ.

ಆ ಪಾಠ ರೇಷ್ಮೆಯ ಪಾಠ.

ಪಾಠದ ಸ್ವರೂಪ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಆಧಾರದ ಮೇಲೆ ಎನ್.ಸಿ.ಇ.ಆರ್.ಟಿ. ಸಂಸ್ಥೆಯು ಏಳನೆಯ ತರಗತಿಗೆ ಸಿದ್ಧಪಡಿಸಿದ ವಿಜ್ಞಾನ ಪುಸ್ತಕದಲ್ಲಿ ಎಳೆಯಿಂದ ಬಟ್ಟೆಯಾಗುವ ಬಗೆಯನ್ನು ತಿಳಿಸುವ ಒಂದು ಅಧ್ಯಾಯವಿತ್ತು. ಅದರ ಮೊದಲ ಭಾಗ ಉಣ್ಣೆಯನ್ನು ಕುರಿತದ್ದು, ಎರಡನೆಯ ಭಾಗ ರೇಷ್ಮೆಯನ್ನು ಕುರಿತದ್ದು. ಪಾಠವು ವಿಷಯವನ್ನು ಕ್ರಮವಾಗಿ, ಸ್ವಚ್ಛವಾಗಿ ನಿರೂಪಿಸುತ್ತದೆ. ಪತಂಗವು ಮೊಟ್ಟೆಯಿಡುತ್ತದೆ, ಮೊಟ್ಟೆಯೊಡೆದು ಬಂದ ಹುಳುವಿಗೆ ಹಿಪ್ಪುನೇರಳೆಯ ಸೊಪ್ಪನ್ನು ಹಗಲೂ ರಾತ್ರಿ ಉಣಿಸಲಾಗುತ್ತದೆ, ಇಪ್ಪತ್ತೈದರಿಂದ ಮೂವತ್ತು ದಿನಗಳ ತರುವಾಯ ಅದು ಮೇವನ್ನು ಬಿಟ್ಟು ತನ್ನ ಸುತ್ತ ಗೂಡನ್ನು ನೇಯ್ದುಕೊಳ್ಳುತ್ತದೆ, ಗೂಡಿನೊಳಗೆ ಹುಳುವು ಪತಂಗವಾಗಿ ಮಾರ್ಪಡುತ್ತಿರುತ್ತದೆ. ಎಳೆಯನ್ನು ಪಡೆಯಬೇಕಾದರೆ ಗೂಡುಗಳನ್ನು ಬಿಸಿಲಿಗೆ ಒಡ್ಡುತ್ತಾರೆ, ನೀರಿನಲ್ಲಿ ಕುದಿಸುತ್ತಾರೆ, ಇಲ್ಲವೇ ಹಬೆಗೆ ಹಿಡಿಯುತ್ತಾರೆ. ಆಗ ಎಳೆಗಳು ಬಿಡಿಸಿಕೊಳ್ಳುತ್ತವೆ. ಅವುಗಳಿಂದ ನೂಲು ತೆಗೆಯುತ್ತಾರೆ.

ಇವು ಅಕ್ಷರಶಃ ಸತ್ಯವಾದ ಸಂಗತಿಗಳು. ಗೂಡನ್ನು ಬಿಸಿ ಮಾಡದೆ ಬಿಟ್ಟರೆ ಪತಂಗವು ಗೂಡನ್ನು ಭೇದಿಸಿ ಹೊರಬರುತ್ತದೆ. ಆಗ ಅಖಂಡವಾಗಿರಬೇಕಾದ ಎಳೆ ತುಂಡುತುಂಡಾಗಿ ಹೋಗುತ್ತದೆ. ಆದ್ದರಿಂದ ಅದು ಹೊರಬರುವ ಮೊದಲೇ ಒಳಗಿನ ಜೀವವನ್ನು ಕೊಲ್ಲುವುದು ಈ ಕಸುಬಿನ ಅನಿವಾರ್ಯವಾದ ಒಂದು ಹಂತ. ಬಿತ್ತನೆಗೆಂದು ತೆಗೆದಿರಿಸಿದ ಗೂಡುಗಳಲ್ಲಿ ಮಾತ್ರ ಪತಂಗಗಳು ಹೊರಬರುತ್ತವೆ.

ಈ ಪಾಠವನ್ನು ಓದುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಉಣ್ಣೆಯ ಭಾಗದಲ್ಲಿ ಕುರಿಯ ತುಪ್ಪಳವನ್ನು ಕತ್ತರಿಸುವ ವಿಷಯ ಬಂದಾಗ, ಅದರಿಂದ ಕುರಿಗೆ ನೋವಾಗುವುದಿಲ್ಲವೆಂದು ಪುಸ್ತಕವು ಮಗುವಿಗೆ ಸಮಾಧಾನ ಹೇಳುತ್ತದೆ. ನಾವು ಕೂದಲು ಕತ್ತರಿಸಿಕೊಂಡಾಗ ಹೇಗೆ ನೋವಾಗುವುದಿಲ್ಲವೋ ಹಾಗೆಯೇ ಇದು ಎಂದು ಕಾರಣವನ್ನೂ ಕೊಡುತ್ತದೆ. ಉಣ್ಣೆಯನ್ನು ವಿಂಗಡಿಸುವ ಕೆಲಸಗಾರರಿಗೆ ತಗಲುವ ರೋಗವನ್ನೂ ಅದು ಪ್ರಸ್ತಾಪಿಸುತ್ತದೆ. ಅಂದರೆ ಮಗುವಿನ ಮನಸ್ಸಿನಲ್ಲಿ 'ಪಾಪ, ಅದಕ್ಕೆ ನೋವಾಗದೆ?' ಎಂಬ ಪ್ರಶ್ನೆ ಏಳುತ್ತದೆಯೆಂದು ಪಾಠ ಬರೆದವರಿಗೆ ಗೊತ್ತಿತ್ತು. ಉತ್ತರ ಹಿತವಾಗಿದ್ದ ಕಡೆ ಅವರು ಆ ಪ್ರಶ್ನೆಯನ್ನು ಎತ್ತಿ ಉತ್ತರಿಸಿದರು. ಮುಂದೆ ಕುದಿಯುವ ನೀರಿನ ಬಳಿಗೆ ಬಂದಾಗ ಅದೇ ಪ್ರಶ್ನೆಗೆ ಹಿತವಾದ ಉತ್ತರವಿರಲಿಲ್ಲ. ಅಲ್ಲಿ ವಿವರಣೆಯು ಕೇವಲ ಪ್ರಕ್ರಿಯೆಯ ವಿವರಣೆಯಾಗಿ ಮುಂದೆ ಸಾಗುತ್ತದೆ. ಕುರಿಯ ಪರವಾಗಿ ಮಾತನಾಡಿದ ಪುಸ್ತಕವು ಹುಳುವಿನ ವಿಷಯದಲ್ಲಿ ಮೌನ ತಾಳುತ್ತದೆ.

ಇದನ್ನು ದೋಷವೆನ್ನೋಣವೇ? ಸರ್ವಮತಗಳ ಮಕ್ಕಳೂ ಓದುವ ಸಾರ್ವಜನಿಕ ಶಾಲೆಯ ವಿಜ್ಞಾನ ಪುಸ್ತಕವು ರೇಷ್ಮೆಯನ್ನು ಉಡಬಾರದೆಂದು ತೀರ್ಪು ಕೊಡಬೇಕೆಂದು ನಾವು ಅಪೇಕ್ಷಿಸಲಾಗದು, ಅಪೇಕ್ಷಿಸಲೂಬಾರದು. ಅದು ಸತ್ಯವನ್ನು ಮರೆಮಾಚಲಿಲ್ಲ, ಕುದಿಸುತ್ತಾರೆಂಬುದನ್ನು ಕುದಿಸುತ್ತಾರೆಂದೇ ಹೇಳಿತು. ಅಷ್ಟರ ಮಟ್ಟಿಗೆ ಅದು ಸತ್ಯವ್ರತವನ್ನು ಪಾಲಿಸಿತು. ನಮ್ಮ ಆಕ್ಷೇಪ ಬೇರೆ. ಕೇಳಬೇಕಾದ ಪ್ರಶ್ನೆಗೆ ಎಡೆಯನ್ನೂ ಕೊಡದೆ ಮುಂದಕ್ಕೆ ಹೋದದ್ದು ಶಿಕ್ಷಣದ ದೃಷ್ಟಿಯಿಂದ ಕೊರತೆ. ಹಿರಿಯ ಪ್ರಾಥಮಿಕ ತರಗತಿಗಳ ಸಮಾಜ ವಿಜ್ಞಾನದಲ್ಲಿ ಇದೇ ಮಕ್ಕಳು ಮಹಾವೀರಸ್ವಾಮಿಯ ಅಹಿಂಸೆಯನ್ನು ಓದುತ್ತಾರೆ. ಜೀವಿಗಳಲ್ಲಿ ಅನುಕಂಪವಿರಬೇಕೆಂಬುದು 1976ರ 42ನೆಯ ತಿದ್ದುಪಡಿಯಿಂದ ಸಂವಿಧಾನದ 51ಎ ವಿಧಿಗೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಪೌರನೀತಿಯಲ್ಲಿ ಕಲಿಯುತ್ತಾರೆ. ವಿಜ್ಞಾನದಲ್ಲಿ ಗೂಡು ಕುದಿಯುತ್ತದೆ. ಮೂರೂ ಪಾಠಗಳು ಒಂದೇ ಕೈಚೀಲದಲ್ಲಿದ್ದರೂ ಒಂದರ ಮುಖವನ್ನು ಮತ್ತೊಂದು ನೋಡುವುದಿಲ್ಲ. ಅನುಕಂಪಕ್ಕೆ ಎರಡು ಅಂಕ, ಕುದಿಸುವುದಕ್ಕೆ ಎರಡು ಅಂಕ. ಎರಡನ್ನೂ ಸರಿಯಾಗಿ ಬರೆದವನು ಜಾಣ.

ಒಂದು ಪ್ರಶ್ನೆ

ಆ ಪಾಠದಲ್ಲಿ ಮಕ್ಕಳಿಗೆ ಒಂದು ಕೆಲಸವನ್ನೂ ಸೂಚಿಸಿದೆ. ಮನೆಯಲ್ಲಿ ತಾಯಿಯನ್ನೋ ಅಜ್ಜಿಯನ್ನೋ ಕೇಳಿ, ಅವರಲ್ಲಿರುವ ರೇಷ್ಮೆ ಸೀರೆಗಳು ಯಾವ ಯಾವ ಬಗೆಯವೆಂದು ಪಟ್ಟಿ ಮಾಡಿಕೊಂಡು ಬರಬೇಕು. ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ಕಾಲದಲ್ಲಿ ಈ ಕೆಲಸವನ್ನು ಕೊಟ್ಟೆ. ಮರುದಿನ ನಮ್ಮ ಸಮಾಜದ ಮನೆಯ ಒಬ್ಬ ಹುಡುಗಿ ಪಟ್ಟಿಯನ್ನು ತಂದಳು. ಅದನ್ನು ಒಪ್ಪಿಸಿ ಕುಳಿತುಕೊಳ್ಳದೆ ನಿಂತೇ ಇದ್ದಳು. ಏನೆಂದು ಕೇಳಿದೆ.

"ಸರ್, ನಮ್ಮಜ್ಜಿ ಕತ್ತಲಾದ ಮೇಲೆ ಊಟ ಮಾಡುವುದಿಲ್ಲ, ದೀಪಕ್ಕೆ ಹುಳ ಬರುತ್ತದೆ ಅಂತ. ಬಸದಿಗೆ ಹೋಗುವಾಗ ಮಾತ್ರ ರೇಷ್ಮೆ ಸೀರೆಯನ್ನೇ ಉಡುತ್ತಾರೆ. ಅವರಿಗೆ ಈ ಪಾಠ ಗೊತ್ತಿಲ್ಲವೇ?"

ಆ ದಿನ ನಾನು ಕೊಟ್ಟ ಉತ್ತರವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ ಮಗೂ" ಎಂದೆ. ಅವಳು ಕುಳಿತುಕೊಂಡಳು. ಆ ಮೇಲೆ ಅವಳು ಅಂಥ ಪ್ರಶ್ನೆಯನ್ನು ಕೇಳಿದ ನೆನಪು ನನಗಿಲ್ಲ. ಪುಸ್ತಕದ ಮೌನವನ್ನು ಆಕ್ಷೇಪಿಸುವ ನಾನು ಆ ಮೌನವನ್ನು ನನ್ನ ಬಾಯಿಂದಲೇ ಪೂರ್ತಿಗೊಳಿಸಿದವನು ಎಂಬುದನ್ನು ಓದುಗರು ತಿಳಿದಿರಲಿ.

ತಿಳಿಯದಿರುವಿಕೆಯೂ ಪ್ರಮಾದವೂ

ಮಗುವಿನ ಪ್ರಶ್ನೆ ಅಜ್ಜಿಯ ಮೇಲಿನ ದೂರಲ್ಲ. 'ಅವರಿಗೆ ಗೊತ್ತಿಲ್ಲವೇ?' ಎಂದು ಅವಳು ಕೇಳಿದಳು. ಗೊತ್ತಿದ್ದರೆ ಉಡುತ್ತಿರಲಿಲ್ಲವೆಂಬುದು ಅವಳ ನಂಬಿಕೆ. ಜ್ಞಾನವು ಬಂದ ಮೇಲೆ ಚಾರಿತ್ರವು ತಾನಾಗಿ ಹಿಂಬಾಲಿಸುವುದೆಂಬ ಆ ನಂಬಿಕೆಯಲ್ಲಿ ರತ್ನತ್ರಯದ ಮರ್ಮವೇ ಅಡಗಿದೆ. ದರ್ಶನ, ಜ್ಞಾನ, ಚಾರಿತ್ರಗಳನ್ನು ನಮ್ಮ ಆಚಾರ್ಯರು ಮೂರು ಬೇರೆ ಬೇರೆ ಮಾರ್ಗಗಳೆಂದು ಹೇಳಲಿಲ್ಲ. ಮೂರೂ ಕೂಡಿದಾಗ ಆಗುವ ಒಂದೇ ಮಾರ್ಗವೆಂದರು.

ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪ್ರಾಣಹರಣವನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನು ಅದಕ್ಕೆ ಹೇತುವಾಗಿ ಸೇರಿಸುತ್ತದೆ. ಪ್ರಮಾದವೆಂದರೆ ಎಚ್ಚರವಿಲ್ಲದಿರುವುದು, ಕಾಣಬೇಕಾದದ್ದನ್ನು ಕಾಣದೆ ನಡೆಯುವುದು. ನಮ್ಮ ಮುತ್ತಜ್ಜಿಯರು ಮಡಿಯೆಂದು ರೇಷ್ಮೆಯನ್ನು ಉಟ್ಟರು. ಗೂಡು ಹೇಗೆ ನೂಲಾಗುವುದೆಂಬುದನ್ನು ಅವರಲ್ಲಿ ಬಹುಮಂದಿ ಕಣ್ಣಾರೆ ಕಂಡವರಲ್ಲ, ಓದಿದವರೂ ಅಲ್ಲ. ಅವರ ನಡೆಯನ್ನು ಇಂದು ತಕ್ಕಡಿಯಲ್ಲಿಟ್ಟು ತೂಗುವುದು ಅವಿನಯ. ಆದರೆ ಶಾಲೆಯ ಪುಸ್ತಕವು ಮನೆಯೊಳಕ್ಕೆ ಬಂದು, ಮಗುವು ದೀಪದ ಬೆಳಕಿನಲ್ಲಿ ಅದನ್ನು ಗಟ್ಟಿಯಾಗಿ ಓದಿದ ಮೇಲೆ, 'ನಮಗೆ ತಿಳಿಯದು' ಎಂಬ ಮಾತು ಆ ಮನೆಯಲ್ಲಿ ಸಲ್ಲುವುದಿಲ್ಲ. ತಿಳಿದ ಮೇಲೂ ಮೊದಲಿನಂತೆಯೇ ನಡೆದರೆ ಅಜ್ಞಾನವು ಪ್ರಮಾದವಾಗಿ ಮಾರ್ಪಡುತ್ತದೆ. ಏಳನೆಯ ತರಗತಿಯು ನಮ್ಮ ಮಕ್ಕಳಿಗೆ ಕಲಿಸುವ ಅತ್ಯಂತ ಗಂಭೀರವಾದ ಪಾಠ ಇದೇ ಎಂದು ನನ್ನ ಅಭಿಪ್ರಾಯ. ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಅದು ಬರುವುದಿಲ್ಲ.

ಜನ್ನನ ಯಶೋಧರ ಚರಿತೆಯ ಕಥೆ ನಮ್ಮ ಮನೆಗಳಲ್ಲಿ ಪರಿಚಿತವಾದದ್ದು. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಜೀವವಿಲ್ಲದ ಹಿಟ್ಟಿನ ಗೊಂಬೆಯಾದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿ ಮಗನಿಬ್ಬರೂ ಭವಭವಗಳಲ್ಲಿ ತೊಳಲುತ್ತಾರೆ. ರೇಷ್ಮೆಯಲ್ಲಿ ಸಂದರ್ಭವು ತಿರುಗುಮುರುಗಾಗಿದೆ. ಇಲ್ಲಿ ಕೊಲ್ಲುವ ಸಂಕಲ್ಪ ಉಡುವವರಿಗಿಲ್ಲ. ಸಾಯುವ ಜೀವ ಮಾತ್ರ ನಿಜವಾದದ್ದು. 'ನಾವು ಕೊಲ್ಲುವವರಲ್ಲ' ಎಂದು ಈ ಕಾರಣದಿಂದ ನಾವು ಸಮಾಧಾನಪಟ್ಟುಕೊಳ್ಳುವುದುಂಟು. ಆದರೆ ಕೃತ, ಕಾರಿತ, ಅನುಮತ ಎಂದು ಮೂರು ಬಗೆಗಳನ್ನು ನಮ್ಮ ಶಾಸ್ತ್ರಗಳು ಹೇಳಿರುವುದು ಈ ಸಮಾಧಾನವನ್ನು ತಡೆಯುವುದಕ್ಕಾಗಿಯೇ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡಿದ್ದಕ್ಕೆ ಒಪ್ಪಿಗೆಯಿತ್ತದ್ದು ಮೂರೂ ಲೆಕ್ಕಕ್ಕೆ ಬರುತ್ತವೆ. ಅಂಗಡಿಯಲ್ಲಿ ಹಣ ಕೊಟ್ಟು ಬೇಕೆಂದು ಕೇಳಿ ಕೊಂಡ ವಸ್ತುವಿನ ಹಿಂದಿರುವ ಕ್ರಿಯೆಗೆ ನಮ್ಮ ಅನುಮತಿಯಿಲ್ಲವೆಂದು ಹೇಳುವುದು ಕಷ್ಟ. ರೇಷ್ಮೆಹುಳುವನ್ನು ದ್ವೀಂದ್ರಿಯವೆಂದು ಎಣಿಸಿದರೂ ಪತಂಗವನ್ನು ಚತುರಿಂದ್ರಿಯವೆಂದು ಎಣಿಸಿದರೂ ಅದು ತ್ರಸಜೀವವೆಂಬುದರಲ್ಲಿ ಸಂದೇಹವಿಲ್ಲ. ಅಣುವ್ರತಿಯಾದ ಗೃಹಸ್ಥನಿಗೂ ತ್ರಸಜೀವಗಳ ರಕ್ಷಣೆ ವಿಹಿತವಾದದ್ದೇ.

ಗಣಿತದ ಪಾಠವನ್ನು ಸೇರಿಸಿ ನೋಡೋಣ

ಏಳನೆಯ ತರಗತಿಯ ಗಣಿತದಲ್ಲಿ ಮಕ್ಕಳು ಅನುಪಾತವನ್ನೂ ಶೇಕಡವನ್ನೂ ಕಲಿಯುತ್ತಾರೆ. ಮಾವಿನ ಹಣ್ಣಿನ ಬೆಲೆ, ರೈಲಿನ ವೇಗ ಮೊದಲಾದವು ಅಲ್ಲಿಯ ಲೆಕ್ಕಗಳು. ವಿಜ್ಞಾನದ ಪಾಠವನ್ನು ಗಣಿತದ ಪಾಠಕ್ಕೆ ಜೋಡಿಸಿದರೆ ಒಂದು ಲೆಕ್ಕ ಹೀಗಾಗುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸಾಮಾನ್ಯವಾಗಿ ಆರರಿಂದ ಎಂಟು ಕಿಲೋ ಹಸಿಗೂಡು ಬೇಕು. ಒಂದು ಗೂಡು ಹೆಚ್ಚುಕಡಿಮೆ ಎರಡು ಗ್ರಾಂ ತೂಗುತ್ತದೆ. ಏಳು ಕಿಲೋ ಎಂದಿಟ್ಟುಕೊಂಡರೆ ಒಂದು ಕಿಲೋ ರೇಷ್ಮೆಗೆ ಸುಮಾರು 3,500 ಗೂಡುಗಳು. ಒಂದು ಸೀರೆಯಲ್ಲಿ ಅರ್ಧ ಕಿಲೋ ರೇಷ್ಮೆಯಿದ್ದರೆ ಅದರ ಹಿಂದಿರುವ ಜೀವಗಳು ಸುಮಾರು 1,750. ಇದು ತ್ರೈರಾಶಿಕದ ಅತಿ ಸುಲಭವಾದ ಲೆಕ್ಕ. ಏಳನೆಯ ತರಗತಿಯ ಮಗು ಅದನ್ನು ಎರಡು ನಿಮಿಷದಲ್ಲಿ ಬಿಡಿಸುತ್ತದೆ.

ಈ ತ್ರೈರಾಶಿಕವು ನಮಗೆ ಪರಕೀಯವಾದದ್ದಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ತ್ರೈರಾಶಿಕ, ಭಿನ್ನರಾಶಿ, ಬಡ್ಡಿಯ ಲೆಕ್ಕಗಳೆಲ್ಲ ಅದರಲ್ಲಿವೆ. ಭಿನ್ನರಾಶಿಗಳನ್ನು ಕೂಡಿಸುವಾಗ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವನ್ನೂ ಅವರು ಹೇಳಿದ್ದಾರೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವೂ ಹೊರಬಂದಿತು. ಗಣಿತವನ್ನು ಲೋಕವ್ಯವಹಾರದೊಡನೆ ಬೆರೆಸಿ ಕಲಿಸಿದ ಈ ಆಚಾರ್ಯರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರುವುದು ಅಪೂರ್ವ. ಲೆಕ್ಕವು ಅಂಗಡಿಗೆ ಉಪಯೋಗವಾಗುವಂತೆ ವ್ರತಕ್ಕೂ ಉಪಯೋಗವಾಗುವುದೆಂದು ತೋರಿಸಿಕೊಡುವವರು ಇನ್ನೂ ಅಪೂರ್ವ.

ನಮ್ಮ ಪಾಠಶಾಲೆಗಳ ವಿಷಯ

ಶಾಲೆಯ ಪುಸ್ತಕವನ್ನು ವಿಮರ್ಶಿಸಿದವರು ತಮ್ಮ ಮನೆಯ ಪುಸ್ತಕವನ್ನೂ ತೆರೆದು ನೋಡಬೇಕು. ಬಸದಿಗಳಿಗೆ ಸೇರಿದಂತೆ ನಡೆಯುವ ಧಾರ್ಮಿಕ ಪಾಠಶಾಲೆಗಳಲ್ಲಿ ಇದೇ ವಯಸ್ಸಿನ ಮಕ್ಕಳು ಏನನ್ನು ಕಲಿಯುತ್ತಾರೆ? ಇಪ್ಪತ್ತನಾಲ್ಕು ತೀರ್ಥಂಕರರ ನಾಮಾವಳಿ, ಲಾಂಛನಗಳು, ಪಂಚಕಲ್ಯಾಣಗಳು, ಪಂಚಾಣುವ್ರತಗಳ ಹೆಸರುಗಳು, ಕೆಲವು ಸ್ತೋತ್ರಗಳು. ಇವು ಬೇಕಾದವೇ. ಕಂಠಪಾಠವನ್ನು ಹಳಿಯುವುದು ಈಚಿನವರಿಗೆ ಅಭ್ಯಾಸವಾಗಿದೆ; ನಾನು ಅವರ ಪಂಕ್ತಿಯಲ್ಲಿಲ್ಲ. ಬಾಲ್ಯದಲ್ಲಿ ಬಾಯಿಗೆ ಬಂದದ್ದು ಮುಪ್ಪಿನಲ್ಲಿ ಮನಸ್ಸಿಗೆ ಒದಗುತ್ತದೆ.

ಆದರೆ ಇಲ್ಲಿಯೂ ಅದೇ ಕೊರತೆ, ಮುಖ ಮಾತ್ರ ಬೇರೆ. ಶಾಲೆಯು ಸಂಗತಿಯನ್ನು ಹೇಳಿ ಪ್ರಶ್ನೆಯನ್ನು ಬಿಟ್ಟಿತು. ಪಾಠಶಾಲೆಯು ಅಹಿಂಸೆಯನ್ನು ಹೇಳಿ ಸಂಗತಿಯನ್ನು ಬಿಡುತ್ತದೆ. ಇರುವೆಯನ್ನು ತುಳಿಯಬೇಡ, ನೀರನ್ನು ಸೋಸಿ ಕುಡಿ, ರಾತ್ರಿ ಉಣ್ಣಬೇಡ ಎಂದು ಕಲಿಸುವ ನಾವು, ಮಗುವು ದಿನವೂ ನೋಡುವ, ಮುಟ್ಟುವ, ಉಡುವ ವಸ್ತುಗಳ ಹುಟ್ಟನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. ಕಾರಣ ಊಹಿಸಲಾಗದ್ದಲ್ಲ. ಇರುವೆಯ ಮಾತನ್ನು ಹೇಳುವುದು ಸುಲಭ. ಅದರಿಂದ ಯಾರಿಗೂ ಮುಜುಗರವಿಲ್ಲ. ರೇಷ್ಮೆಯ ಮಾತೆತ್ತಿದರೆ ಯಕ್ಷಿಗೆ ಉಡಿಸಿದ ಸೀರೆ, ದಾನಿಗಳಿಗೆ ಹೊದಿಸುವ ಶಾಲು, ಮದುವೆಯ ಧಾರೆಯ ಸೀರೆ, ಸಮಾಜಬಾಂಧವರಲ್ಲೇ ಕೆಲವರ ಜವಳಿ ವ್ಯಾಪಾರ ಎಲ್ಲವೂ ಒಟ್ಟಿಗೆ ಎದುರಿಗೆ ಬಂದು ನಿಲ್ಲುತ್ತವೆ.

ರೇಷ್ಮೆಯನ್ನು ತ್ಯಜಿಸುವ ನಿಯಮವನ್ನು ಸ್ವೀಕರಿಸಿ, ಪೂಜೆಗೆ ಶುಭ್ರವಾದ ಹತ್ತಿಯ ವಸ್ತ್ರವನ್ನೇ ಧರಿಸುವ ಶ್ರಾವಕ ಶ್ರಾವಿಕೆಯರು ನಮ್ಮಲ್ಲಿ ಇಲ್ಲದಿಲ್ಲ. ಅವರು ಸದ್ದಿಲ್ಲದೆ ನಡೆಸಿಕೊಂಡು ಬಂದ ನಿಯಮಕ್ಕೆ ನಮ್ಮ ವಂದನೆಗಳು. ಆದರೆ ಅವರ ಆಚರಣೆ ವೈಯಕ್ತಿಕ ನಿಯಮವಾಗಿ ಉಳಿಯಿತೇ ಹೊರತು ಮಕ್ಕಳ ಮುಂದೆ ಕಾರಣಸಹಿತವಾಗಿ ನಿರೂಪಿತವಾದ ಪಾಠವಾಗಲಿಲ್ಲ.

ಪ್ರತಿವಾದಗಳು

ಅನೇಕಾಂತವನ್ನು ನಂಬಿದವರು ಎದುರು ಪಕ್ಷದ ಮಾತನ್ನು ಅದರ ಪೂರ್ಣ ಬಲದಿಂದ ಕೇಳಿಸಿಕೊಳ್ಳಬೇಕು. ಮೊದಲನೆಯದಾಗಿ, ರೇಷ್ಮೆಯು ಕರ್ನಾಟಕದ ಬಹುದೊಡ್ಡ ಜೀವನೋಪಾಯ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟೀಪೂ ಸುಲ್ತಾನನು ಮೈಸೂರು ಸೀಮೆಯಲ್ಲಿ ಪ್ರೋತ್ಸಾಹಿಸಿದ ಈ ಕೃಷಿಯಲ್ಲಿ ಇಂದು ದೇಶದ ರಾಜ್ಯಗಳ ಪೈಕಿ ನಮ್ಮದೇ ಮುಂದು. ರಾಮನಗರದ ಗೂಡಿನ ಮಾರುಕಟ್ಟೆಯು ಏಷ್ಯದಲ್ಲೇ ದೊಡ್ಡದೆಂದು ಹೆಸರಾಗಿದೆ. ಒಂದೆರಡು ಎಕರೆಯ ರೈತನಿಗೆ ತಿಂಗಳೊಪ್ಪತ್ತಿನಲ್ಲಿ ಕೈಗೆ ಹಣ ತರುವ ಬೆಳೆ ಇದೊಂದೇ ಎನ್ನಬಹುದು. ಹುಳು ಜ್ವರಕ್ಕೆ ಕುಳಿತಾಗ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವಾಗ ಆ ಮನೆಯ ಹೆಣ್ಣುಮಕ್ಕಳು ನಿದ್ದೆಗೆಟ್ಟು ದುಡಿಯುತ್ತಾರೆ. ನಮ್ಮ ಮಗು ಅಹಿಂಸೆಯ ಹೆಸರಿನಲ್ಲಿ ಪಕ್ಕದ ಬೆಂಚಿನ ರೈತನ ಮಗುವನ್ನು ಕೀಳಾಗಿ ಕಾಣುವಂತಾದರೆ ಅದೂ ಹಿಂಸೆಯೇ. ಅದಕ್ಕಿಂತ ಪಾಠವೇ ಇಲ್ಲದಿರುವುದು ಮೇಲು. ನಿಯಮವು ತನಗೆ ತಾನು ಹಾಕಿಕೊಂಡದ್ದು, ಇನ್ನೊಬ್ಬರನ್ನು ಅಳೆಯುವ ಕೋಲಲ್ಲ ಎಂಬುದನ್ನು ಮೊದಲ ದಿನವೇ ಹೇಳಬೇಕು.

ಈ ಕಸುಬಿನ ಇನ್ನೊಂದು ಮುಖವನ್ನೂ ಮುಚ್ಚಿಡಲಾಗದು. ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ವರದಿಯು ಕರ್ನಾಟಕ, ಉತ್ತರ ಪ್ರದೇಶ, ತಮಿಳುನಾಡುಗಳ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಸಿಕ್ಕಿದ್ದ ಮಕ್ಕಳ ಸ್ಥಿತಿಯನ್ನು ವಿವರಿಸಿತು. ನೂಲು ಬಿಚ್ಚುವ ಕಡೆ ಬಿಸಿನೀರಿನಲ್ಲಿ ಕೈಯಾಡಿಸುತ್ತಿದ್ದವರಲ್ಲಿ ಏಳನೆಯ ತರಗತಿಯಲ್ಲಿ ಕುಳಿತಿರಬೇಕಾಗಿದ್ದ ವಯಸ್ಸಿನವರೂ ಇದ್ದರು. ಆ ಬಳಿಕ 2009ರ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಶಾಲೆಯ ಹಕ್ಕನ್ನು ಕೊಟ್ಟಿತು. ಪ್ರಾಥಮಿಕ ಶಿಕ್ಷಣದ ಕೊನೆಯ ವರ್ಷದಲ್ಲಿ ಎಲ್ಲ ಮಕ್ಕಳೂ ಶಾಲೆಯಲ್ಲಿಯೇ ಇರುವಂತೆ ನೋಡಿಕೊಳ್ಳುವುದು ಹುಳುವಿನ ಮೇಲಣ ದಯೆಗಿಂತ ಚಿಕ್ಕ ದಯೆಯಲ್ಲ. ಪಂಚೇಂದ್ರಿಯ ಜೀವಿಯನ್ನು ಮರೆತು ದ್ವೀಂದ್ರಿಯವನ್ನು ಮಾತ್ರ ನೆನೆಯುವ ಅಹಿಂಸೆಯು ಅರ್ಧ ಅಹಿಂಸೆ.

ಎರಡನೆಯ ಪ್ರತಿವಾದ ಇದು: ಹತ್ತಿಯಲ್ಲಿ ಹಿಂಸೆಯಿಲ್ಲವೇ? ಉಂಟು. ಹತ್ತಿಯ ಹೊಲಕ್ಕೆ ಸಿಂಪಡಿಸುವ ಕೀಟನಾಶಕಗಳಿಂದ ಅಸಂಖ್ಯಾತ ಜೀವಗಳು ನಾಶವಾಗುತ್ತವೆ. ಗೃಹಸ್ಥನಿಗೆ ಸಂಪೂರ್ಣವಾದ ಅಹಿಂಸೆ ಸಾಧ್ಯವಿಲ್ಲವೆಂದೇ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ವಿಭಾಗಗಳು ಹುಟ್ಟಿದವು. ಆದರೂ ಒಂದು ಭೇದವಿದೆ. ಒಂದು ಜೀವಕ್ಕೂ ಹಾನಿಯಾಗದಂತೆ ಹತ್ತಿಯನ್ನು ಬೆಳೆಯುವುದು ಕಷ್ಟವಾದರೂ ಹುಳುವಿನ ಸಾವು ಹತ್ತಿಯ ಎಳೆಯ ಅಂಗವಲ್ಲ. ವಾಡಿಕೆಯ ರೇಷ್ಮೆಯಲ್ಲಿ ಅದು ಎಳೆಯ ಅಂಗವೇ ಆಗಿದೆ. ಎಲ್ಲವನ್ನೂ ಬಿಡಲಾಗದೆಂಬುದು ಯಾವುದನ್ನೂ ಬಿಡದಿರಲು ಕಾರಣವಾಗುವುದಿಲ್ಲ.

ಮೂರನೆಯದಾಗಿ, ಹುಳುವನ್ನು ಕೊಲ್ಲದ ರೇಷ್ಮೆಯೂ ಉಂಟಲ್ಲವೇ ಎನ್ನುವವರಿದ್ದಾರೆ. ಪತಂಗವು ಹಾರಿಹೋದ ಮೇಲೆ ಉಳಿದ ಗೂಡಿನಿಂದ ನೂತ ಬಟ್ಟೆ 'ಅಹಿಂಸಾ ರೇಷ್ಮೆ' ಎಂಬ ಹೆಸರಿನಲ್ಲಿ ಮಾರಾಟಕ್ಕಿದೆ. ಅಸ್ಸಾಮಿನ ಕಡೆಯ ಎರಿ ರೇಷ್ಮೆಯ ಗೂಡಿಗೆ ಸ್ವಭಾವತಃ ಒಂದು ತುದಿ ತೆರೆದಿರುತ್ತದೆ. ಇವು ಸ್ವಾಗತಾರ್ಹ ಪ್ರಯತ್ನಗಳು. ಆದರೆ ಎರಿಯ ನಾಡಿನಲ್ಲಿ ಗೂಡಿನೊಳಗಿನ ಕೋಶವನ್ನು ಆಹಾರವಾಗಿ ಬಳಸುವ ರೂಢಿಯೂ ಇದೆ. ಸಾಕಿದ ರೇಷ್ಮೆ ಪತಂಗವು ಹಾರಲಾರದಷ್ಟು ದುರ್ಬಲವಾಗಿರುತ್ತದೆ. ಹೆಸರನ್ನು ನೋಡಿ ಕೊಳ್ಳುವುದರ ಬದಲು ವಿಚಾರಿಸಿ ಕೊಳ್ಳುವುದು ಯುಕ್ತ. ವಿಚಾರಿಸುವ ಆ ಅಭ್ಯಾಸವನ್ನೇ ನಾವು ಮಕ್ಕಳಿಗೆ ಕಲಿಸಬೇಕಾದದ್ದು.

ಈಗ ಆಗಬೇಕಾದದ್ದು

ನಮ್ಮ ಹೊಣೆಯನ್ನು ಹೆಚ್ಚಿಸುವ ಒಂದು ಬದಲಾವಣೆ ಈಚೆಗೆ ಆಗಿದೆ. 2022ರಲ್ಲಿ ಪಠ್ಯಭಾರವನ್ನು ಇಳಿಸುವ ಉದ್ದೇಶದಿಂದ ಎನ್.ಸಿ.ಇ.ಆರ್.ಟಿ.ಯು ತನ್ನ ಪುಸ್ತಕಗಳಿಂದ ಹಲವು ಅಧ್ಯಾಯಗಳನ್ನು ಕೈಬಿಟ್ಟಿತು. ಏಳನೆಯ ತರಗತಿಯ ಉಣ್ಣೆ ಮತ್ತು ರೇಷ್ಮೆಯ ಅಧ್ಯಾಯವೂ ಅವುಗಳಲ್ಲಿ ಒಂದು. ಪಠ್ಯಭಾರ ಇಳಿಯಬೇಕೆಂಬುದು 1993ರ ಯಶಪಾಲ್ ಸಮಿತಿಯ ಕಾಲದಿಂದ ಬಂದ ನ್ಯಾಯವಾದ ಬೇಡಿಕೆ. ಆದರೆ ಪುಸ್ತಕದಿಂದ ಪಾಠ ಹೋದರೂ ಬೀರುವಿನಿಂದ ಸೀರೆ ಹೋಗಲಿಲ್ಲ. ಮೊದಲು ಮಗುವಿಗೆ ಸಂಗತಿಯಾದರೂ ಗೊತ್ತಾಗುತ್ತಿತ್ತು, ಪ್ರಶ್ನೆಯನ್ನು ನಾವು ಸೇರಿಸಬಹುದಾಗಿತ್ತು. ಈ ಅಧ್ಯಾಯವಿಲ್ಲದ ಪುಸ್ತಕವನ್ನು ಓದುವ ಮಗುವಿಗೆ ಸಂಗತಿಯನ್ನೂ ನಾವೇ ಹೇಳಬೇಕಾಗಿದೆ. ಅಪ್ರಿಯವಾದ ಪಾಠ ಹೋಯಿತೆಂದು ನಾವು ಒಳಗೊಳಗೆ ನೆಮ್ಮದಿಪಡುವುದಾದರೆ ಆ ನೆಮ್ಮದಿಯನ್ನು ಪ್ರಮಾದವೆಂದೇ ಕರೆಯಬೇಕಾಗುತ್ತದೆ.

ಬಸದಿಗಳ ಆಡಳಿತ ಮಂಡಳಿಗಳ ಪರಿಶೀಲನೆಗೆ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಪಾಠಶಾಲೆಯಲ್ಲಿ ಆರು, ಏಳನೆಯ ತರಗತಿಯ ಮಕ್ಕಳಿಗಾಗಿ ತಿಂಗಳಿಗೆ ಒಂದು ದಿನವನ್ನು ಮೀಸಲಿಟ್ಟು, ಆ ತಿಂಗಳು ಶಾಲೆಯಲ್ಲಿ ಓದಿದ ಯಾವುದಾದರೊಂದು ಪಾಠವನ್ನು ಶ್ರಾವಕಾಚಾರದೊಡನೆ ಜೋಡಿಸಿ ಚರ್ಚಿಸಬಹುದು. ರೇಷ್ಮೆಯಂತೆಯೇ ಚರ್ಮ, ಜೇನು, ಹಾಲು, ನೀರು, ವಿದ್ಯುತ್ತು ಎಲ್ಲವೂ ಅದಕ್ಕೆ ವಿಷಯಗಳೇ. ಮಹಾವೀರಾಚಾರ್ಯರ ಗಣಿತದಿಂದ ಮಕ್ಕಳ ಮಟ್ಟಕ್ಕೆ ತಕ್ಕ ಹತ್ತಿಪ್ಪತ್ತು ಲೆಕ್ಕಗಳನ್ನು ಆರಿಸಿ ಚಿಕ್ಕ ಪುಸ್ತಿಕೆಯಾಗಿ ಅಚ್ಚು ಹಾಕಿಸುವುದಕ್ಕೆ ಹೆಚ್ಚಿನ ವೆಚ್ಚ ತಗಲದು. 'ಇನ್ನು ಮೇಲೆ ಸನ್ಮಾನಕ್ಕೆ ಯಾವ ಶಾಲು?' ಎಂಬ ಪ್ರಶ್ನೆಯನ್ನು ವಾರ್ಷಿಕ ಸಭೆಯ ಮುಂದೆ ಒಮ್ಮೆಯಾದರೂ ಇಡಬೇಕು. ಆ ಚರ್ಚೆ ಮಕ್ಕಳ ಎದುರಿಗೇ ನಡೆಯಬೇಕು. ನಿರ್ಣಯ ಏನೇ ಆಗಲಿ, ಹಿರಿಯರು ಕಾರಣಗಳನ್ನು ತೂಗಿ ಮಾತನಾಡುವುದನ್ನು ಮಕ್ಕಳು ಕಾಣಲಿ. ಆಜ್ಞೆಯಿಂದ ರೇಷ್ಮೆಯನ್ನು ನಿಷೇಧಿಸುವುದು ಬೇಡ. ಮಕ್ಕಳಿಂದ ಸಾಮೂಹಿಕವಾಗಿ ಪ್ರತಿಜ್ಞೆ ಮಾಡಿಸಿ ಬಹುಮಾನ ಹಂಚುವುದಂತೂ ಬೇಡವೇ ಬೇಡ. ತಿಳಿದು ಬಿಟ್ಟದ್ದು ತ್ಯಾಗ, ಬಹುಮಾನಕ್ಕೆ ಬಿಟ್ಟದ್ದು ವ್ಯಾಪಾರ.

ಮನೆಗಳಲ್ಲಿ ಆಗಬೇಕಾದದ್ದು ಇನ್ನೂ ಚಿಕ್ಕದು, ಇನ್ನೂ ಕಠಿಣವಾದದ್ದು. ಏಳನೆಯ ತರಗತಿಯ ಮಗು ಇಂಥ ಪ್ರಶ್ನೆಯನ್ನು ಕೇಳಿದಾಗ ನಾನು ಕೊಟ್ಟಂಥ ಉತ್ತರವನ್ನು ಕೊಡಬೇಡಿ. 'ನೀನು ಹೇಳುವುದು ನಿಜ, ಇದನ್ನು ನಾವು ಯೋಚಿಸಿರಲಿಲ್ಲ' ಎಂದು ಹೇಳಿದರೆ ಹಿರಿತನಕ್ಕೆ ಕುಂದು ಬರುವುದಿಲ್ಲ. ಇರುವ ಸೀರೆಯನ್ನು ಏನು ಮಾಡಬೇಕು, ಮುಂದಿನದನ್ನು ಕೊಳ್ಳಬೇಕೇ ಎಂಬುದು ಆಮೇಲಿನ ಮಾತು. ಅದನ್ನು ಆ ಆ ಮನೆಯವರು ತಮ್ಮ ಶಕ್ತ್ಯನುಸಾರ ನಿರ್ಧರಿಸಲಿ.

ಯಶೋಧರ ಚರಿತೆಯ ಕಥೆಯನ್ನು ಮಾರಿದತ್ತ ರಾಜನಿಗೆ ಹೇಳುವವರು ಯಾರೆಂಬುದನ್ನು ಕೊನೆಗೊಮ್ಮೆ ನೆನೆಯಬಹುದು. ಚಂಡಮಾರಿಯ ಗುಡಿಗೆ ಬಲಿಗಾಗಿ ಹಿಡಿದು ತಂದಿದ್ದ ಎಳೆಯ ಅಣ್ಣತಂಗಿಯರು, ಅಭಯರುಚಿ ಮತ್ತು ಅಭಯಮತಿ. ಕೈಯಲ್ಲಿ ಖಡ್ಗವಿದ್ದ ದೊರೆ ಎಳೆಯರ ಮಾತನ್ನು ನಿಂತು ಕೇಳಿದನು. ಕೇಳಿ ತನ್ನ ನಡೆಯನ್ನು ತಿದ್ದಿಕೊಂಡನು. ನಮ್ಮ ಮಕ್ಕಳೂ ಶಾಲೆಯಿಂದ ಪುಸ್ತಕ ಹಿಡಿದು ಮನೆಗೆ ಬರುತ್ತಿದ್ದಾರೆ. ಅವರು ಕೇಳುವುದನ್ನು ನಾವು ಕೇಳಿಸಿಕೊಳ್ಳಬೇಕಾಗಿದೆ.